ಕಳ್ಳಿಗೆ ನೀರು ಕುಡಿಸಿದ್ದು

ಅಪ್ಪ ನನಗೆ ಬಿಟ್ಟುಹೋದ ಜಮೀನಿನಲ್ಲಿ ಹುಲ್ಲು ಕೂಡ ಯೋಚನೆ ಮಾಡಿ ಹುಟ್ಟುತ್ತದೆ. ಅಲ್ಲಿ ಕಳ್ಳಿ ಬೆಳೆಯುತ್ತೇನೆ ಎಂದಾಗ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕಳ್ಳೀನ ಯಾರಾದ್ರೂ ಬೆಳೀತಾರೇನೇ? ಬೇಡ ಅಂದ್ರೂ ಬರುತ್ತೆ ಅದು, ನಿನ್ನ ಚಿಕ್ಕಮಾವನ ಥರ."

ನಾನು ಹೇಳಿದ್ದು ಮುಳ್ಳಿಲ್ಲದ ಪಾಪಾಸುಕಳ್ಳಿ. ದನಕ್ಕೆ ಮೇವಾಗುತ್ತದೆ, ಹಣ್ಣೂ ಮಾರಾಟವಾಗುತ್ತದೆ. ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಸಾಕಾಗಿದ್ದ ನನಗೆ, ನನ್ನದು ಅಂತ ಒಂದು ತೋಟ ಬೇಕಿತ್ತು. ಕೆಲವು ಸಾಲು ನೆಟ್ಟು, ಬದುಕಿಸಿ ತೋರಿಸಿದ್ದೆ. ಉಳಿದದ್ದಕ್ಕೆ ಬ್ಯಾಂಕು ಸಾಲ ಕೊಡಬೇಕಿತ್ತು. ಕೊಡದಿದ್ದರೆ ಜಮೀನು ಜಲ್ಲಿ ಕ್ರಷರಿನವರಿಗೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆ ತೀರ್ಮಾನಕ್ಕೆ ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ಕೂತಿದ್ದರು.

ಬ್ಯಾಂಕಿನಲ್ಲಿ ಒಣಭೂಮಿ ಯೋಜನೆಯ ಸಾಹೇಬರು ಫ್ಯಾನಿನ ಕೆಳಗೆ ಕಣ್ಣು ಮುಚ್ಚಿಕೊಂಡೇ ವಿಚಾರಿಸಿದರು.

"ನೀರಿನ ವ್ಯವಸ್ಥೆ ಏನಮ್ಮಾ?"

"ಇಲ್ಲ ಸಾರ್. ಅದಕ್ಕೇ ಕಳ್ಳಿ."

"ನೀರಿಲ್ದೆ ಬೆಳೆ ಹೇಗೆ ಬರುತ್ತೆ?"

"ಅದಕ್ಕೇ ಸಾರ್, ಕಳ್ಳಿ."

ಸಾಹೇಬರು ಕಣ್ಣು ಬಿಟ್ಟರು. ಮುಂದಿನ ವಾರ ಬಂದು ನೋಡುತ್ತೇನೆ ಎಂದರು. ನನಗೆ ಸಾಲವೇ ಕೈಗೆ ಬಂದಷ್ಟು ಖುಷಿಯಾಯಿತು.

ಆ ವಾರ ಶಾಲೆಯ ಸಮವಸ್ತ್ರಗಳ ರಾಶಿ ನನ್ನ ತಲೆಯ ಮೇಲಿತ್ತು. "ತೋಟ ನಾನು ನೋಡ್ಕೋತೀನಿ, ನೀನು ಹೊಲಿ," ಎಂದರು ನಮ್ಮವರು. ಅವರು ಗೋಡೆಗೆ ಬಣ್ಣ ಹೊಡೆಯುವವರು. ಒಳಗೆ ಗೋಡೆ ಬಿರುಕು ಬಿಟ್ಟಿದ್ದರೂ ಮೇಲೆ ಹೊಳೆಯಬೇಕು, ಅಷ್ಟೇ ಅವರ ವಿದ್ಯೆ. ನಾನು ನಂಬಿದೆ.

ಸಾಹೇಬರ ಜೀಪಿನಲ್ಲೇ ನಾನೂ ಹೋಗಿ ಇಳಿದೆ. ಬದುವಿನ ಕಲ್ಲುಗಳಿಗೆಲ್ಲ ಸುಣ್ಣ ಬಳಿದಿತ್ತು. ನಡುವೆ ನನ್ನ ಕಳ್ಳಿಗಳು ಬುಡ ಕಂದಾಗಿ, ಊದಿಕೊಂಡು, ಒಂದರ ಮೇಲೊಂದು ವಾಲಿದ್ದವು. ಕೊಳೆತ ವಾಸನೆ ಮೂಗಿಗೆ ಬಡಿಯಿತು. ನಮ್ಮವರು ಪೈಪು ಹಿಡಿದುಕೊಂಡು ನಗುತ್ತ ನಿಂತಿದ್ದರು.

"ದಿನಾ ಟ್ಯಾಂಕರ್ ತರಿಸಿದೆ ಕಣೇ. ಸಾಹೇಬ್ರು ಬರೋವಾಗ ಒಣಗಿದ ಹಾಗೆ ಕಾಣಬಾರದು ನೋಡು."

ಅಷ್ಟರಲ್ಲಿ ಸಾಹೇಬರ ಬೂಟು ಕೆಸರಿನಲ್ಲಿ ಹೂತುಹೋಯಿತು.

"ಒಣಭೂಮಿ ಅಂದ್ರಲ್ಲಮ್ಮಾ?"

"ಅದು ಟ್ಯಾಂಕರ್ ನೀರು ಸಾರ್!"

"ಎಲ್ಲಿಂದ ಬಂತು ಅಂತ ನಾನು ಬರೆಯಲ್ಲ. ನೀರಿದೆ ಅಂತ ಬರೀತೀನಿ." ಸಾಹೇಬರು ಬೂಟು ಕಿತ್ತುಕೊಂಡು ಉದಾರವಾಗಿ ನಕ್ಕರು. "ಕಳ್ಳಿ ಬಿಡಿ. ಇಷ್ಟು ಒಳ್ಳೆ ಗದ್ದೆ ಇಟ್ಕೊಂಡಿದೀರಿ, ಭತ್ತಕ್ಕೆ ಸಾಲ ಕೊಡ್ತೀನಿ. ಈಗಲೇ ಸಹಿ ಹಾಕಿ."

"ನೋಡಿದ್ಯಾ?" ನಮ್ಮವರ ಮುಖ ಅರಳಿತು. "ನೀರು ಹಾಕಿದ್ದಕ್ಕೆ ಸಾಲ ಸಿಕ್ತು!"

"ಭತ್ತಕ್ಕೆ ನೀರು ಎಲ್ಲಿಂದ ತರಲಿ ಸಾರ್?"

"ಅದು ನಮ್ಮ ವಿಭಾಗಕ್ಕೆ ಬರಲ್ಲಮ್ಮಾ," ಎಂದು ಪೆನ್ನು ಚಾಚಿದರು.

ಪೆನ್ನು ಹಿಡಿದಾಗ ನನಗೆ ಹೊಳೆಯಿತು. ಜಮೀನು ನನ್ನ ಹೆಸರಲ್ಲಿದೆ. ಭತ್ತಕ್ಕೂ ನನ್ನ ಸಹಿಯೇ ಬೇಕು, ಕ್ರಷರಿಗೂ ನನ್ನ ಸಹಿಯೇ ಬೇಕು. ಇಷ್ಟು ದಿನ ಮನೆಮಂದಿಯೆಲ್ಲ ಕೂತು ತೀರ್ಮಾನಿಸಿದ್ದು ಗಾಳಿಯಲ್ಲಿ. ಹಾಕಲ್ಲ ಎಂದು ಪೆನ್ನು ವಾಪಸು ಕೊಟ್ಟೆ.

ಜೀಪು ಹೋದ ಮೇಲೆ ನಾನು ಕೆಸರಿನಲ್ಲೇ ಕೂತು ಅತ್ತುಬಿಟ್ಟೆ. ಸಾಲ ಹೋಯಿತು, ಬೆಳೆಸಿದ್ದೂ ಹೋಯಿತು. ಕಣ್ಣೊರೆಸಿಕೊಂಡು ನೋಡಿದರೆ, ಪೈಪು ಎಟುಕದ ಮೂಲೆಯಲ್ಲಿ ಒಂದು ಸಾಲು ಕಳ್ಳಿ ಯಾರ ಹಂಗೂ ಇಲ್ಲದೆ ಗಟ್ಟಿಯಾಗಿ ನಿಂತಿತ್ತು. ಅದನ್ನೇ ಕತ್ತರಿಸಿ ನೆಡುತ್ತ ಹೋದರೆ ತೋಟವಾಗುತ್ತದೆ, ನನ್ನ ತಲೆಗೂದಲು ನೆರೆಯುವಷ್ಟರಲ್ಲಿ.

ನಮ್ಮವರು ಮುಖ ಸಣ್ಣದು ಮಾಡಿಕೊಂಡು, ಬಕೆಟ್ಟು ಹಿಡಿದು ಹತ್ತಿರ ಬಂದರು. "ಪಾಪ, ಇವಕ್ಕೆ ಒಂದು ಹನೀನೂ ಸಿಕ್ಕಿಲ್ಲ ಕಣೇ. ಒಂದೊಂದು ಚೊಂಬು ಹಾಕಲಾ?"

ಬಕೆಟ್ಟು ಕಿತ್ತುಕೊಂಡು ಅವರ ತಲೆಯ ಮೇಲೇ ಸುರಿದೆ.