ಪಂಪ್‌ಹೌಸಿನ ಎದುರು ದಡ

ಊರಿನ ವಾರಪತ್ರಿಕೆಗೆ ‘ಜಲಾಶಯದ ಸಮಾಚಾರ’ ಬರೆಯುತ್ತಿದ್ದವನು ದರ್ಜಿ. ನೀರು ಎಷ್ಟು ಇಳಿದಿದೆ, ಗೆಂಡೆ ಮೀನು ಯಾವ ಮೂಲೆಯಲ್ಲಿ ಮೇಯುತ್ತಿದೆ, ಗಾಳಕ್ಕೆ ಎರೆಹುಳು ಒಳ್ಳೆಯದೋ ಹಿಟ್ಟಿನ ಉಂಡೆಯೋ, ಎಲ್ಲವನ್ನೂ ಹೊಲಿಗೆ ಯಂತ್ರದ ಮೇಲೆ ಕಾಗದ ಇಟ್ಟುಕೊಂಡು ಬರೆದು ಕಳಿಸುತ್ತಿದ್ದ. ಅಂಗಿ ಬಿಗಿಯಾಯಿತೆಂದು ಬೈಯಲು ಬಂದವರೂ ಅಂಗಿಯನ್ನು ಮರೆತು ಮೀನಿನ ಮಾತಿಗೆ ಕೂರುತ್ತಿದ್ದರು. ಅಂಗಿಯ ಅಳತೆಯಲ್ಲಿ ಅವನು ಕೈಕೊಟ್ಟಿರಬಹುದು, ಸಮಾಚಾರದಲ್ಲಿ ಎಂದೂ ಕೊಟ್ಟಿರಲಿಲ್ಲ.

ಈ ವಾರ ಕೊಟ್ಟ. ‘ಹಳೆಯ ಪಂಪ್‌ಹೌಸ್ ಹತ್ತಿರ ಗೆಂಡೆ ಮುಗಿಬಿದ್ದಿದೆ. ಭಾನುವಾರ ಬೆಳಗ್ಗೆ ತಪ್ಪಿಸಿಕೊಳ್ಳಬೇಡಿ’ ಎಂದು ಬರೆದ. ಅಲ್ಲಿ ಮೀನು ಇದೆಯೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಎರಡು ವರ್ಷದಿಂದ ಅವನು ಆ ಕಡೆ ತಲೆಹಾಕಿರಲಿಲ್ಲ. ಅದು ಅವನೂ ಅವನ ಅಕ್ಕನೂ ಕೂರುತ್ತಿದ್ದ ಜಾಗ. ಅಕ್ಕ ಇದನ್ನು ಓದಿ ಬಂದಾಳು ಎಂಬ ಆಸೆಯೊಂದೇ ಅವನ ಕೈಯಿಂದ ಆ ಸುಳ್ಳು ಬರೆಸಿತ್ತು.

ಅಕ್ಕ ತಮ್ಮ ಮಾತು ಬಿಟ್ಟದ್ದು ಒಂದು ಮೀನಿನ ಮೇಲಿನ ಜಗಳಕ್ಕೆ. ಅಕ್ಕ ಬಸ್ ಡ್ರೈವರ್, ಕೋಪ ಸದಾ ಮೂಗಿನ ತುದಿಯಲ್ಲೇ. ಗಾಳ ಹಾಕಿ, ಮೀನನ್ನು ಆಡಿಸಿ ಸುಸ್ತು ಮಾಡುವುದು ಅವಳ ಕೆಲಸ. ದಡಕ್ಕೆ ಬಂದಾಗ ಕೈಬಲೆ ಹಿಡಿದು ನಿಲ್ಲುವುದು ತಮ್ಮನದು. ತೋಳುದ್ದದ ಗೆಂಡೆ ಸಿಕ್ಕ ದಿನ, ಊಟಕ್ಕೆ ಕೂತ ನೆಂಟರ ಮುಂದೆ ದರ್ಜಿ ಜಂಬ ಕೊಚ್ಚಿದ. "ಬಲೆ ಹಿಡಿದಿದ್ದು ನಾನು. ಅಂದ್ಮೇಲೆ ಮೀನು ಹಿಡಿದಿದ್ದೂ ನಾನೇ!"

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. "ಹಾಗಾದ್ರೆ ಬಲೆ ನೀನೇ ಇಟ್ಕೋ. ಇನ್ಮೇಲೆ ನನಗ್ಯಾರೂ ಬಲೆ ಹಿಡಿಯೋದು ಬೇಡ" ಎಂದು ಕೈ ತೊಳೆದು ಹೊರಟೇಬಿಟ್ಟಳು.

ಅವತ್ತೇ ತಪ್ಪಾಯ್ತು ಅನ್ನಬಹುದಿತ್ತು. ಮಹಾರಾಯನಿಗೆ ಬಾಯೇ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ, ಆ ನಾಳೆ ಬೆಳೆಯುತ್ತಾ ಹೋಯಿತು. ಅವಳ ಬಸ್ಸು ದಿನವೂ ಅಂಗಡಿಯ ಮುಂದೆಯೇ ಹಾದುಹೋಗುತ್ತಿತ್ತು. ಇವನು ಸೂಜಿ ಬಿಟ್ಟು ತಲೆ ಎತ್ತುವಷ್ಟರಲ್ಲಿ ತಿರುವು ದಾಟಿರುತ್ತಿತ್ತು. ಅಮ್ಮ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ಅವಳ ಬೈಗುಳವಿಲ್ಲದೆ ಅವನಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಆ ಸಂಕಟವನ್ನು ಹೇಳಿಕೊಳ್ಳೋಣವೆಂದರೆ, ಹೇಳಿಕೊಳ್ಳಬೇಕಾದವಳೂ ಅವಳೇ.

ಭಾನುವಾರ ಪಂಪ್‌ಹೌಸ್ ಹತ್ತಿರ ಊರಿಗೆ ಊರೇ ನೆರೆದಿತ್ತು. ಅಕ್ಕ ಮಾತ್ರ ಇರಲಿಲ್ಲ. ಯಾರ ಗಾಳಕ್ಕೂ ಒಂದು ಮರಿಮೀನೂ ಮೂತಿ ತಾಗಿಸಲಿಲ್ಲ.

"ಏನ್ರೀ, ಗೆಂಡೆ ಮುಗಿಬಿದ್ದಿದೆ ಅಂದ್ರಿ. ಇಲ್ಲಿ ನಾವೇ ಒಬ್ಬರ ಮೇಲೊಬ್ಬರು ಬಿದ್ದಿದೀವಿ" ಎಂದ ಪಕ್ಕದ ಅಂಗಡಿಯ ಕ್ಷೌರಿಕ.

"ಸ್ವಲ್ಪ ಬಿಸಿಲೇರಲಿ, ಬರುತ್ತೆ."

"ಬಿಸಿಲೇರಿದ್ರೆ ಆಳಕ್ಕಿಳಿಯುತ್ತೆ ಅಂತ ಹೋದ ವಾರ ನೀವೇ ಬರೆದಿದ್ರಲ್ಲ!"

ದರ್ಜಿ ನೀರಿನ ಕಡೆ ಮುಖ ತಿರುಗಿಸಿದ. ಅಲ್ಲಿ ಜಲಾಶಯ ಕಿರಿದಾಗಿ ಒಳಕ್ಕೆ ಚಾಚಿಕೊಂಡಿದೆ. ಎದುರು ದಡ ಕೂಗಿದರೆ ಕೇಳುವಷ್ಟು ಹತ್ತಿರ, ನಡೆದು ಹೋದರೆ ಅರ್ಧ ಗಂಟೆಯ ಸುತ್ತು. ಆ ದಡದಲ್ಲಿ, ಡ್ರೈವರ್ ಟೋಪಿ ಹಾಕಿಕೊಂಡು, ಒಬ್ಬಳೇ ಅಕ್ಕ ಕೂತಿದ್ದಳು.

ದರ್ಜಿ ಹಣೆ ಚಚ್ಚಿಕೊಂಡ. ಒಂದು ದಡದಲ್ಲಿ ಜನ ತುಳಿದಾಡಿದರೆ ಮೀನು ಹೆದರಿ ಎದುರು ದಡ ಸೇರುತ್ತದೆ. ಪತ್ರಿಕೆಯಲ್ಲಿ ಬಂದ ಜಾಗ ಬಿಟ್ಟು ಅದರ ಎದುರಿಗೆ ಕೂರುವುದು ಅಕ್ಕ ತಮ್ಮ ಸೇರಿ ಕಂಡುಕೊಂಡ ಉಪಾಯ. ಸುಳ್ಳು ಬರೆಯುವ ಆತುರದಲ್ಲಿ ಅವನು ಅದನ್ನೇ ಮರೆತಿದ್ದ. ಹಾಗಾದರೆ ಅವಳು ಬಂದದ್ದು ಮೀನಿಗೆ, ತನಗಲ್ಲ. ಅವಳು ತಲೆ ಎತ್ತಿ ಈ ಕಡೆ ನೋಡಲೂ ಇಲ್ಲ.

ಅಷ್ಟರಲ್ಲಿ ಅಕ್ಕನ ಗಾಳದ ನೂಲಿಗೆ ಕಟ್ಟಿದ್ದ ಬೆಂಡು ಗುಳುಂ ಎಂದು ಮುಳುಗಿತು. ಗಾಳದ ಕೋಲು ಬಗ್ಗಿತು. "ನೂಲು ಬಿಡು, ಇನ್ನೂ ಸ್ವಲ್ಪ ಬಿಡು" ಎಂದು ದರ್ಜಿ ಇಲ್ಲಿಂದಲೇ ಗೊಣಗಿದ. ಅವಳು ಬಿಟ್ಟಳು, ಎಳೆದಳು, ಮತ್ತೆ ಬಿಟ್ಟಳು. ಅವನಿಗೇ ತಿಳಿಯದಂತೆ ಅವನು ಕೈಬಲೆ ಎತ್ತಿಕೊಂಡು ಮೊಣಕಾಲುದ್ದ ನೀರಿಗೆ ಇಳಿದಿದ್ದ.

"ಯಾವ ಮೀನಿಗ್ರೀ ಬಲೆ?" ಎಂದ ಕ್ಷೌರಿಕ.

ಆಚೆ ದಡದಲ್ಲಿ ಗೆಂಡೆ ಅಕ್ಕನ ಕಾಲ ಬುಡದಲ್ಲೇ ಹೊರಳಿತು. ಅವಳು ನೀರಿನಿಂದ ಕಣ್ಣು ಕೀಳದೆ, ಎಡಗೈಯನ್ನು ಪಕ್ಕಕ್ಕೆ ಚಾಚಿ, ಬಲೆ ಬರಲಿ ಎಂಬಂತೆ ಬೆರಳು ಆಡಿಸಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ಮೀನು ಬಾಲ ಬಡಿದು ನೂಲು ಕಿತ್ತುಕೊಂಡು ಹೋಯಿತು. ಚಾಚಿದ ಕೈ ಚಾಚಿದಂತೆಯೇ ಉಳಿಯಿತು.

"ಅಕ್ಕಾ!" ದರ್ಜಿ ಗಂಟಲು ಹರಿಯುವಂತೆ ಕೂಗಿದ. ಗಾಳ ಹಾಕಿ ಕೂತವರೆಲ್ಲ ಶ್ ಎಂದು ಗದರಿದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. "ಅಕ್ಕಾ, ಆ ಮೀನು ನಿಂದೇ ಕಣೇ! ಅವತ್ತಿನ ಗೆಂಡೆ ನಿಂದೇ!"

ಅಕ್ಕ ತಲೆ ಎತ್ತಿದಳು. ಟೋಪಿ ತೆಗೆದು, ತೋಳಿನಿಂದ ಮುಖ ಒರೆಸಿಕೊಂಡಳು. ಅವಳ ದನಿ ನೀರಿನ ಮೇಲೆ ತೇಲಿ ಬಂತು.

"ಎಲ್ಲಿ ಹಾಳಾಗಿ ಹೋಗಿದ್ಯೋ ಇಷ್ಟು ದಿನ? ಸುತ್ತಿಕೊಂಡು ಬೇಗ ಬಾ. ಬಲೆ ತಗೊಂಡು ಬಾ!"

ದರ್ಜಿ ಒದ್ದೆ ಪ್ಯಾಂಟಿನಲ್ಲೇ ಓಡಿದ. ಆ ಅರ್ಧ ಗಂಟೆಯ ಸುತ್ತು ಅವನಿಗೆ ಎರಡು ವರ್ಷಕ್ಕಿಂತ ಉದ್ದವಾಗಿ ಕಂಡಿತು.