ಐದು ಗಂಟೆಯೊಳಗೆ ಹತ್ತು ದನಿ

ಹವ್ಯಾಸಿ ರೇಡಿಯೋ ಕ್ಲಬ್ಬಿನ ಕಾರ್ಯದರ್ಶಿಗೆ ಹೊಟ್ಟೆಪಾಡು ಎಂದರೆ ಹಲ್ಲಿನ ಸೆಟ್ ಮಾಡುವುದು. ಊರಿನ ದಂತವೈದ್ಯರೆಲ್ಲ ಅಚ್ಚು ತೆಗೆದು ಅವನಿಗೇ ಕಳಿಸುತ್ತಿದ್ದರು. ಮುಖ ನೋಡದವರ ಬಾಯಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹಲ್ಲು ಕೂರಿಸಬಲ್ಲ ಈ ಮಹಾನುಭಾವನಿಗೆ, ಕ್ಲಬ್ಬಿನ ಸದಸ್ಯರನ್ನು ವರ್ಷಕ್ಕೊಂದು ಮಧ್ಯಾಹ್ನ ಅವರವರ ಮನೆಯ ರೇಡಿಯೋ ಮುಂದೆ ಕೂರಿಸುವುದು ಮಾತ್ರ ಆಗುತ್ತಿರಲಿಲ್ಲ.

ಅವರಿಗೆ ಆಸಕ್ತಿಯಿಲ್ಲ ಎನ್ನುವಂತಿಲ್ಲ. ಸಾಮಾನು ಕೊಳ್ಳುವುದರಲ್ಲಿ ಒಬ್ಬರಿಗಿಂತ ಒಬ್ಬರು ಶೂರರು. ಬೇಕರಿಯವನ ಮಹಡಿಯ ಮೇಲಿನ ಆಂಟೆನಾದಲ್ಲಿ ಭೂಮಿಯ ಆಚೆ ತುದಿಯವರನ್ನೂ ಮಾತಾಡಿಸಬಹುದಿತ್ತು. ಅದರ ಮೇಲೆ ಕಾಗೆಗಳು ಮಾತಾಡುತ್ತಿದ್ದವು. ಸ್ಪರ್ಧೆಗೆ ಬಾರಪ್ಪ ಎಂದರೆ ಮಾತ್ರ ಒಬ್ಬನಿಗೆ ನಾದಿನಿ ಮನೆಗೆ ಹೋಗುವುದಿರುತ್ತದೆ, ಇನ್ನೊಬ್ಬನಿಗೆ ಗಂಟಲು ಕಟ್ಟಿರುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಸ್ಪರ್ಧೆಯೇನು ಬ್ರಹ್ಮವಿದ್ಯೆಯಲ್ಲ. ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಸಿಕ್ಕಷ್ಟು ಜನರನ್ನು ರೇಡಿಯೋದಲ್ಲಿ ನೇರವಾಗಿ ಮಾತಾಡಿಸಬೇಕು. ನಮ್ಮ ಲೈಸೆನ್ಸ್ ನಂಬರ್ ಹೇಳಬೇಕು, ಅವರ ನಂಬರ್ ಬರೆದುಕೊಳ್ಳಬೇಕು, ಮುಂದಿನವರಿಗೆ ಹೋಗಬೇಕು. ಕೊನೆಗೆ ಒಬ್ಬೊಬ್ಬರೂ ತಮ್ಮ ಪಟ್ಟಿಯನ್ನು ರೇಡಿಯೋ ಕ್ಲಬ್ಬುಗಳ ಒಕ್ಕೂಟಕ್ಕೆ ಕಳಿಸಿದರೆ ಆಯಿತು. ಇದನ್ನು ಶುರುಮಾಡಿದವನೇ ಕಾರ್ಯದರ್ಶಿ. ವರ್ಷದಲ್ಲಿ ಆ ಮೂರು ಗಂಟೆ ಅವನು ಹಲ್ಲಿನವನಲ್ಲ, ಊರಿನ ದನಿ. ಅದಕ್ಕೇ ಒಕ್ಕೂಟದ ಅಧ್ಯಕ್ಷರು ಫೋನ್ ಮಾಡಿ, ಈ ಸಲ ನಿಮ್ಮ ಊರಿನಿಂದ ಹತ್ತು ಪಟ್ಟಿಯಾದರೂ ಬರದಿದ್ದರೆ ಈ ಸ್ಪರ್ಧೆಯನ್ನೇ ಕೈಬಿಡುತ್ತೇವೆ ಎಂದಾಗ, ಅವನಿಗೆ ಆ ದಿನ ಅನ್ನ ಸೇರಲಿಲ್ಲ.

ಈ ವಿಷಯವನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಪೀಡೆ ತೊಲಗಿತು ಎಂದುಬಿಟ್ಟಾರು ಎಂಬ ಭಯ ಒಂದು ಕಡೆ. ಇವರ ಮುಂದೆಲ್ಲ ಹಲ್ಲು ಗಿಂಜಬೇಕೇ ಎಂಬ ಬಿಗುಮಾನ ಇನ್ನೊಂದು ಕಡೆ. ಬದಲಿಗೆ ನಿಯಮಗಳನ್ನು ಬಿಡಿಸಿ ಬಿಡಿಸಿ ಬರೆದ, ಬಹುಮಾನಕ್ಕೆ ಕಪ್ ಕೊಂಡ, ಎಲ್ಲರ ಮೊಬೈಲಿಗೂ ಸಂದೇಶ ಕಳಿಸಿದ. ಅಷ್ಟಕ್ಕೇ ಸುಮ್ಮನಿರದೆ ಕೊನೆಯಲ್ಲಿ ಒಂದು ಸಾಲು ಸೇರಿಸಿದ: ಭಾಗವಹಿಸುವವರಿಗೆ ನಮ್ಮ ಮನೆಯಲ್ಲಿ ಕಾಫಿ, ತಿಂಡಿ.

ಭಾನುವಾರ ಒಂದೂವರೆಗೆಲ್ಲ ಕರೆಗಂಟೆ ಸದ್ದಾಯಿತು. ಬನ್ನಿನ ಎರಡು ಡಬ್ಬ ಹಿಡಿದು ಬೇಕರಿಯವನು ನಿಂತಿದ್ದ. ಪ್ರೋತ್ಸಾಹ ಕೊಡೋಣ ಅಂತ ಬಂದನಂತೆ. ಅವನ ಹಿಂದೆ ಕೋರ್ಟಿನ ಟೈಪಿಸ್ಟ್ ಅಕ್ಕ, ಅರ್ಧ ಊರಿಗೆ ಕಾರು ಕಲಿಸಿದ ಡ್ರೈವಿಂಗ್ ಮೇಷ್ಟ್ರು, ಹೀಗೆ ಒಬ್ಬೊಬ್ಬರೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಎಣಿಸಿದರೆ ಅವನನ್ನೂ ಸೇರಿಸಿ ಹನ್ನೊಂದು ಜನ. ಇಷ್ಟು ಜನ ಒಟ್ಟಿಗೆ ಸೇರಿದ್ದನ್ನು ಅವನು ವಾರ್ಷಿಕ ಸಭೆಯಲ್ಲೂ ಕಂಡಿರಲಿಲ್ಲ. ಅವನ ಹೆಂಡತಿ ಅಕ್ಕಪಕ್ಕದ ಮನೆಗಳಿಂದ ಲೋಟ ತಂದಳು.

ಎರಡು ಗಂಟೆಗೆ ಅವನು ಮೈಕ್ ಹಿಡಿದು ಕರೆ ಕೊಟ್ಟ. ಪಕ್ಕದ ಊರಿನ ಇಬ್ಬರು ಕ್ಷೀಣವಾಗಿ ಸಿಕ್ಕರು. ಆಮೇಲೆ ಬರೀ ಗೊರಗೊರ. ಕೂಗಿದ, ಮತ್ತೆ ಕೂಗಿದ. ಊರಿನಿಂದ ಯಾರು ತಾನೇ ಉತ್ತರ ಕೊಡಬೇಕು? ಊರಿಗೆ ಊರೇ ಅವನ ಕುರ್ಚಿಯ ಹಿಂದೆ ನಿಂತು ಬನ್ ತಿನ್ನುತ್ತಿತ್ತು. ಮೈಕನ್ನು ಇನ್ನೊಂಚೂರು ದೂರ ಹಿಡಿ ಎಂದು ಬೇಕರಿಯವನು ಸಲಹೆ ಕೊಟ್ಟ. ಈ ಸಲ ಸ್ಪರ್ಧೆ ಸ್ವಲ್ಪ ಸಪ್ಪೆ ಎಂದು ಟೈಪಿಸ್ಟ್ ಅಕ್ಕ ಅಂದದ್ದೇ ತಡ, ಅವನ ಪಿತ್ತ ನೆತ್ತಿಗೇರಿತು.

"ನೀವೆಲ್ಲ ಇಲ್ಲೇ ನಿಂತ್ರೆ ನಾನು ಯಾರ ಹತ್ರ ಮಾತಾಡ್ಲಿ, ಗೋಡೆ ಹತ್ರನಾ?" ಎಂದ. "ಪ್ರೋತ್ಸಾಹ ಬೇಡ. ಎದ್ದು ಮನೆಗೆ ಹೋಗಿ, ನಿಮ್ಮ ನಿಮ್ಮ ರೇಡಿಯೋ ಹಾಕಿ."

ಹೋದರು. ಮುಖ ಊದಿಸಿಕೊಂಡು, ಅರ್ಧ ಕುಡಿದ ಕಾಫಿ ಅಲ್ಲಲ್ಲೇ ಇಟ್ಟು ಹೋದರು. ಅವನು ಕಾದ. ಮನೆ ಮುಟ್ಟಲಿ, ಕೈಕಾಲು ತೊಳೆಯಲಿ ಎಂದು ಕಾದ. ನಾಲ್ಕು ಹೊಡೆದರೂ ಊರಿನ ಒಂದು ದನಿಯೂ ಬರಲಿಲ್ಲ. ನಾಲ್ಕೂವರೆಯಾದಾಗ ಏನೋ ಅನುಮಾನ ಬಂದು ರಿಪೀಟರಿನ ಚಾನೆಲ್ ತಿರುಗಿಸಿದ. ರಿಪೀಟರ್ ಎಂದರೆ ಗುಡ್ಡದ ಮೇಲೆ ಕ್ಲಬ್ಬೇ ಹಾಕಿದ ಯಂತ್ರ. ಪುಟ್ಟ ಸೆಟ್ಟಿನ ಮಾತನ್ನೂ ಹಿಡಿದು ಊರಿಗೆಲ್ಲ ಹಂಚುತ್ತದೆ. ಒಬ್ಬರು ಮೈಕಿನ ಗುಂಡಿ ಒತ್ತಿ ಹಿಡಿದರೆ, ಅವರು ಬಿಡುವವರೆಗೂ ಉಳಿದವರು ಕಾಯಬೇಕು. ಅದರ ಮೂಲಕ ಆಡಿದ ಮಾತು ಸ್ಪರ್ಧೆಯ ಲೆಕ್ಕಕ್ಕಿಲ್ಲ.

ಅಲ್ಲಿ ಜಾತ್ರೆಯೇ ನೆರೆದಿತ್ತು. ಹತ್ತೂ ಜನ ಹಾಜರು. ಎಲ್ಲರ ಬಾಯಲ್ಲೂ ಅವನದೇ ಸುದ್ದಿ.

"ಹೋದ ವರ್ಷ ನಾನೂ ಸೇರಿದ್ದೆ," ಎನ್ನುತ್ತಿದ್ದರು ಮೇಷ್ಟ್ರು. "ಅವತ್ತೇ ನಮ್ಮನೆಯವಳನ್ನ ಆಸ್ಪತ್ರೆಯಿಂದ ಕರ್ಕೊಂಡು ಬಂದಿದ್ದೆ. ಎರಡು ತಿಂಗಳು ಅವಳು ಬದುಕ್ತಾಳೋ ಇಲ್ವೋ ಅಂತ ಇದ್ದೆ. ಯಾರಿಗಾದ್ರೂ ಹೇಳ್ಕೋಬೇಕು ಅನ್ನಿಸ್ತು, ರೇಡಿಯೋ ಹಾಕಿದೆ, ಇವನು ಸಿಕ್ಕ. ಬಾಯಿ ಬಿಟ್ನೋ ಇಲ್ವೋ, 'ಟೈಮಿಲ್ಲ ಮೇಷ್ಟ್ರೇ, ನಂಬರ್ ಹೇಳಿ' ಅಂದ. ಹೇಳ್ದೆ. 'ಮುಂದಿನವರು ಬನ್ನಿ' ಅಂದ. ನಾನು ಸೆಟ್ ಆಫ್ ಮಾಡ್ದೆ."

ಕಾರ್ಯದರ್ಶಿ ನೆನಪಿಸಿಕೊಳ್ಳಲು ನೋಡಿದ. ಹೋದ ವರ್ಷ ತನಗೆ ಎರಡನೇ ಸ್ಥಾನ ಬಂದದ್ದು ನೆನಪಿತ್ತು. ಮೇಷ್ಟ್ರ ದನಿ ನೆನಪಿರಲಿಲ್ಲ. ಅದು ಅವನಿಗೆ ನಾಚಿಕೆ ತಂದಿತು. ಗಡಿಯಾರ ನೋಡಿದರೆ ಇನ್ನೂ ಹೊತ್ತಿತ್ತು. ಎಲ್ಲರೂ ಒಂದು ಗುಂಡಿ ತಿರುಗಿಸಿ ಸ್ಪರ್ಧೆಯ ಚಾನೆಲ್ಲಿಗೆ ಬನ್ನಿ ಎಂದರೆ ಕೆಲಸ ಮುಗಿಯುತ್ತಿತ್ತು. ಅವನು ಮೈಕ್ ಒತ್ತಿದ್ದೂ ಅದಕ್ಕೇ. ಆದರೆ ಈ ಮಾತು ಕೇಳಿದ ಮೇಲೆ ನಂಬರ್ ಕೇಳಲು ನಾಲಿಗೆ ಏಳಲಿಲ್ಲ.

"ಮೇಷ್ಟ್ರೇ, ನಾನು," ಎಂದ. "ಅಮ್ಮಾವ್ರು ಈಗ ಹೇಗಿದ್ದಾರೆ?"

 ಮೇಷ್ಟ್ರು ಶುರುಮಾಡಿದರು. ಆಪರೇಷನ್ನು, ಹಗಲೂ ರಾತ್ರಿ ಬೆಂಚಿನ ಮೇಲೆ ಕೂತದ್ದು, ಕೈ ಹಿಡಿದು ಹೊಸಿಲು ದಾಟಿಸಿದ್ದು, ಈಗ ಆಕೆ ರಸ್ತೆ ತುದಿಯವರೆಗೆ ಒಬ್ಬಳೇ ನಡೆದು ಹೋಗಿ ಬರುವುದು, ಉಪ್ಪು ಕಮ್ಮಿ ಹಾಕಿದ್ದಕ್ಕೆ ತಟ್ಟೆ ಸರಿಸುವುದು. ಒಂದು ವರ್ಷದ ಮಾತು, ಮೂರು ಮಾತಿನಲ್ಲಿ ಮುಗಿಯುವಂಥದಲ್ಲ. ಕಾರ್ಯದರ್ಶಿ ಹೂಂಗುಟ್ಟಿದ. ಮನಸ್ಸಿಟ್ಟೇ ಕೇಳಿದ, ಹಾಗೆಯೇ ಗಡಿಯಾರದ ಕಡೆಗೂ ಕಣ್ಣು ಹಾಯಿಸುತ್ತಿದ್ದ. ಅವರ ಮಾತಿನ ನಡುವೆಯೇ ಐದು ಹೊಡೆಯಿತು.

"ನೋಡು, ನಂದೇ ಕೊರೆದ್ಬಿಟ್ಟೆ," ಎಂದರು ಮೇಷ್ಟ್ರು, ದನಿ ಹಗುರಾಗಿ. "ನಿಂಗೆ ನಂಬರ್ ಬೇಕಿತ್ತಲ್ಲ, ಯಾವ ಚಾನೆಲ್ಲಿಗೆ ಬರ್ಲಿ?"

ನಾನೂ ಬರುತ್ತೇನೆ ಎಂದ ಬೇಕರಿಯವನು. ಟೈಪಿಸ್ಟ್ ಅಕ್ಕನೂ ಹೂಂ ಅಂದಳು. ಒಬ್ಬೊಬ್ಬರೇ ಸಾಲಾಗಿ ಒಪ್ಪಿದರು. ಅವನಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

"ಟೈಮ್ ಆಗ್ಹೋಯ್ತು ಮೇಷ್ಟ್ರೇ."

"ಹೋಗ್ಲಿ ಬಿಡು, ಮುಂದಿನ ವರ್ಷ ಎಲ್ಲಾ ಸೇರ್ತೀವಿ."

"ಮುಂದಿನ ವರ್ಷ ಇಲ್ಲ," ಎಂದ. "ಇವತ್ತು ನಮ್ಮೂರಿಂದ ಹತ್ತು ಪಟ್ಟಿ ಹೋಗದಿದ್ರೆ ಸ್ಪರ್ಧೆ ನಿಲ್ಲಿಸ್ತೀವಿ ಅಂದಿದ್ರು. ನಿಂತುಹೋಯ್ತು."



"ನಿಯಮ ಅಷ್ಟುದ್ದ ಬರ್ದೆ, ಕಪ್ಪಿನ ಫೋಟೋ ಕಳಿಸ್ದೆ," ಎಂದರು ಮೇಷ್ಟ್ರು. "ಮಧ್ಯಾಹ್ನ ನಿನ್ನ ಬೆನ್ನ ಹಿಂದೇನೇ ನಿಂತಿದ್ವಲ್ಲೋ, ತಿರುಗಿ ಈ ಒಂದು ಮಾತು ಹೇಳೋಕಾಗ್ಲಿಲ್ವಾ? ಅಷ್ಟು ಹೊರಗಿನವರಾಗಿಬಿಟ್ವಾ ನಾವು?"

ಉತ್ತರ ಕೊಡಲು ಅವನು ಮೈಕ್ ಒತ್ತಿದ. ಏನೂ ಹೊಳೆಯದೆ ಗುಂಡಿ ಒತ್ತಿ ಹಿಡಿದುಕೊಂಡೇ ಕೂತ. ಅವನು ಕೈ ಬಿಡುವವರೆಗೂ ಹತ್ತೂ ಜನ ಕಾದರು.