ಕಾಂತಾಳ ಅಂಗಳದ ರಂಗೋಲಿ

ಅಗೋ, ಆ ಅಂಗಡಿಯ ಶಟರಿಗೂ ಎರಡು ಕೀಲಿ — ಉದ್ಯಮಬಾಗ ದಾಟುವ ತನಕ ಖಾನಾಪುರದ ಬಸ್ಸಿನ ಕಿಟಕಿಯಿಂದ ಬಸವಣ್ಣೆವ್ವನ ಕಣ್ಣಿಗೆ ಬಿದ್ದದ್ದೆಲ್ಲ ಕೀಲಿಗಳೇ, ಗೇಟಿಗೆ ಕೀಲಿ, ಗೋದಾಮಿಗೆ ಕೀಲಿ, ನಿಲ್ಲಿಸಿದ ಬೈಕಿನ ಗಾಲಿಗೂ ಸರಪಳಿ ಸುತ್ತಿ ಕೀಲಿ, ದೀಪಾವಳಿಯಿಂದೀಚೆ ಬೆಳಗಾವಿಯ ಮಂದಿಗೆ ಇದೇ ಒಂದು ಹುಚ್ಚು, ತಮ್ಮ ಓಣಿಯಲ್ಲೇ ಮೂರು ಮನೆ ಒಡೆದರು, ಹಿಂದಿನ ಓಣಿಯಲ್ಲಿ ಎರಡು, ಹಾಲು ತರಲು ಹೋದವಳ ಕೊರಳಿನ ಸರ ಗುಡಿಯ ತಿರುವಿನಲ್ಲೇ ಹೋಯಿತು, ಅವರೆಲ್ಲ ಫಿರ್ಯಾದಿ ಕೊಟ್ಟರು, ಬರೆಸಿದರು, ಅತ್ತರು, ಆದರೆ ಕಳ್ಳರು ತನ್ನಿಂದ ಒಯ್ದದ್ದನ್ನು ಯಾವ ಠಾಣೆಯಲ್ಲಿ ಬರೆಸಬೇಕು? ಇಪ್ಪತ್ತು ವರ್ಷ ಆ ಓಣಿಯ ಕೀಲಿಕೈಗಳೆಲ್ಲ ಅವಳ ದೇವರ ಜಗಲಿಯ ಪಕ್ಕದ ಗೋಡೆಗಿದ್ದವು, ಮನೆಗೊಂದು ಮೊಳೆ, ಯಾರು ಊರಿಗೆ ಹೋದರೂ ಅಕ್ಕಾರ ಇದೊಂದ್ ಇಟ್ಕೋರಿ ಎಂದು ಕೊಟ್ಟು ಹೋಗುತ್ತಿದ್ದರು, ಇವಳು ಅವರ ಬಾಗಿಲಿಗೂ ನೀರಿನ ಥಳಿ ಹೊಡೆದು ರಂಗೋಲಿ ಹಾಕುತ್ತಿದ್ದಳು, ರಂಗೋಲಿ ಇದ್ದ ಮನೆಯಲ್ಲಿ ಮಂದಿ ಇದ್ದಾರೆಂದು ಲೆಕ್ಕ, ಕಳ್ಳರು ಮುಂದಕ್ಕೆ ಹೋಗುತ್ತಾರೆ. ಪಕ್ಕದಲ್ಲಿ ಗಂಡ ಚನ್ನಬಸಯ್ಯ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಾನೆ, ಇವನಿಗೇನು, ಇವನು ಮೊಳೆ ಹೊಡೆದುಕೊಟ್ಟದ್ದಷ್ಟೇ, ಓಣಿಯ ಕೊನೆಯ ನಾಗಲಿಂಗನ ಮನೆ ಒಡೆದ ಮರುದಿನದಿಂದ ಒಬ್ಬೊಬ್ಬರೇ ಬಂದು ಕೀಲಿಕೈ ಬಿಡಿಸಿಕೊಂಡು ಹೋದಾಗ ಪೇಪರ್ ಓದುತ್ತ ಕೂತಿದ್ದ, ಅಕ್ಕಾರ ಬ್ಯಾಸರಾ ಮಾಡ್ಕೋಬ್ಯಾಡ್ರಿ ಎಂದಳು ನಿಖಿತಾ, ಎದುರುಮನೆಯ ಸೊಸೆ, ಕಾಂತಾ ಬಾಯಾರ ಕಡೆ ಕ್ಯಾಮೆರಾ ಐತಲ್ರಿ, ಅಲ್ಲೇ ಇಡೂಣು ಅಂತ ಎಲ್ಲಾರೂ ಅಂದ್ರು — ಎಲ್ಲಾರೂ ಅಂದರಂತೆ! ನಾಗಲಿಂಗನ ಮನೆಯ ಕೀಲಿ ಒಡೆದದ್ದು ಕಬ್ಬಿಣದ ರಾಡಿನಿಂದ, ಬಸವಣ್ಣೆವ್ವನ ಮೊಳೆಯಿಂದ ಯಾರೂ ಏನನ್ನೂ ಒಯ್ದಿರಲಿಲ್ಲ.

ಪೀರನವಾಡಿ ಹೋಯಿತು, ಮಚ್ಛೆ ಬಂತು, ಕಂಡಕ್ಟರ್ ಯಾರನ್ನೋ ಬೈಯುತ್ತಿದ್ದಾನೆ — ಕಾಂತಾ ಓಣಿಗೆ ಬಂದು ಎರಡು ವರ್ಷ ಆಗಿದೆಯೋ ಇಲ್ಲವೋ, ಗಂಡ ಭೀಮಗೊಂಡನಿಗೆ ಮಾತೇ ಬಾರದು, ಮಗ ಸುಯಶ ತಂದು ಬಾಗಿಲ ಮೇಲೆ ಆ ಬಿಳಿ ಕ್ಯಾಮೆರಾ ಕೂರಿಸಿದ್ದೇ ಕೂರಿಸಿದ್ದು, ಕಾಂತಾ ದೊಡ್ಡಾಕಿಯಾದಳು, ಪೊಲೀಸರು ಬಂದರೆ ಚಹಾ ಅವಳ ಮನೆಯಲ್ಲಿ, ಓಣಿಯ ಗ್ರುಪ್ಪು ಅವಳ ಮೊಬೈಲಿನಲ್ಲಿ, ಕಳವಿನ ಮೀಟಿಂಗ್ ಕೂಡ ಆರಕ್ಕೆ ಇದ್ದದ್ದು ಐದಕ್ಕೆ ಬಂತು, ಯಾಕೆ, ಕಾಂತಾ ಬಾಯಿ ಹೊತ್ತು ಮುಳುಗುವುದರೊಳಗೆ ಉಣ್ಣಬೇಕಲ್ಲ, ಅವರ ಜೈನ ಧರ್ಮ, ಮಾಡಲಿ, ಬ್ಯಾಡ ಅಂದವರಾರು, ಆದರೆ ಇಪ್ಪತ್ತು ವರ್ಷದಲ್ಲಿ ಅಕ್ಕಾರ ಪೂಜಿ ಆಯ್ತೇನ್ರಿ ಎಂದು ಕೇಳಿ ಯಾರಾದರೂ ಮೀಟಿಂಗ್ ಇಟ್ಟಿದ್ದಾರಾ? ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಇದಕ್ಕೆ ಬೇರೆ ಹೆಸರಿಟ್ಟು ಏನು ಮಾಡುವುದು, ರಾತ್ರಿಯ ರೊಟ್ಟಿ ಕೂಡ ಅದರಲ್ಲೇ ಸುಟ್ಟು ಹೋಗುತ್ತದೆ, ಮತ್ತೆ ಆ ಕಾಂತಾ ಮೊನ್ನೆ ಚೀಲ ಹಿಡಿದು ಬಾಗಿಲಿಗೆ ಬಂದು ನಕ್ಕಳಲ್ಲ, ಅಕ್ಕಾ, ಖಾನಾಪುರಕ್ಕ ತವರಮನಿಗೆ ಹೊಂಟೇವ್ರಿ, ಮೂರ ದಿನ ನಮ್ಮ ಬಾಗಲಿಗೆ ಒಂದೀಟ ರಂಗೋಲಿ ಎಳೀರಿ, ನಿಮ್ಮಂಗ ಕೈ ಯಾರದೈತಿ. ಕೀಲಿಕೈ? ಬಸವಣ್ಣೆವ್ವ ಕೈ ಚಾಚಿಯೂ ಬಿಟ್ಟಿದ್ದಳು. ಅದ್ ಬ್ಯಾಡ್ರಿ ಅಕ್ಕಾ, ನಿಮಗ್ಯಾಕ ತ್ರಾಸ, ನಾ ಒಯ್ತೇನಿ. ಚಾಚಿದ ಕೈಯನ್ನು ಹಾಗೆಯೇ ಸೆರಗಿಗೆ ಒಯ್ದು ಒರೆಸಿಕೊಂಡದ್ದು, ಕಾಂತಾ ಅದನ್ನು ನೋಡಿದಳೋ ಇಲ್ಲವೋ, ನೋಡಿರಬೇಕು. ಬಗ್ಗುವ ಕೆಲಸ ಇವಳಿಗೆ, ಕೀಲಿಕೈ ಅವಳಿಗೆ. ಮೊದಲ ದಿನ ಎಳೆದಳು, ಎರಡನೇ ದಿನವೂ ಎಳೆದಳು, ಸೊಟ್ಟಗೆ, ಇವತ್ತು ಮುಂಜಾನೆ ತನ್ನ ಬಾಗಿಲಿಗೆ ಇಪ್ಪತ್ತೊಂದು ಚುಕ್ಕಿಯ ದೊಡ್ಡ ರಂಗೋಲಿ ಹಾಕಿ, ಡಬ್ಬಿ ಹಿಡಿದು ಕಾಂತಾಳ ಅಂಗಳದಲ್ಲಿ ನಿಂತಳು, ನೆಲ ಒಣಗಿತ್ತು, ಕ್ಯಾಮೆರಾ ಕಡೆ ಒಮ್ಮೆ ನೋಡಿದಳು, ಊರಿಗೆ ಹೋಗುವಾಗ ಮೇನ್ ಸ್ವಿಚ್ ತೆಗೆದು ಹೋಗುವುದು ಓಣಿಯಲ್ಲಿ ಎಲ್ಲರ ರೂಢಿ, ಕರೆಂಟಿಲ್ಲದ ಕ್ಯಾಮೆರಾ ಏನು ನೋಡೀತು, ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ಓಣಿಯಲ್ಲಿ ನರಪಿಳ್ಳೆಯೂ ಇಲ್ಲ, ಡಬ್ಬಿಯ ಮುಚ್ಚಳ ಹಾಕಿದಳು. ಒಂದು ದಿನ ರಂಗೋಲಿ ಇಲ್ಲದಿದ್ದರೆ ಏನಾದೀತು — ಆಗಲಿ, ಆದರೂ ಆಗಲಿ, ಕ್ಯಾಮೆರಾ ಇದ್ದ ಮನೆಯೂ ಒಡೆಯುತ್ತದೆ ಎಂದು ಓಣಿಗೆ ಒಮ್ಮೆ ತಿಳಿಯಲಿ, ಮೊಳೆಗಳು ಮತ್ತೆ ತುಂಬಲಿ. ಹೀಗೆ ಅಂದುಕೊಂಡವಳು ತಾನೇ, ತಾನೇ ಅಂದುಕೊಂಡದ್ದು, ಶಿವಶಿವಾ.

ಗಣೇಬೈಲಿನ ಟೋಲು ದಾಟಿದೆ, ಈಗ ಇಳಿದು ಹೊಳ್ಳಿ ಹೋದರೆ? ಬಾಳವ್ವನ ಮೊಮ್ಮಗಳ ತೊಟ್ಟಿಲು, ಸ್ವಂತ ತಂಗಿ, ಹೋಗದಿದ್ದರೆ ವರ್ಷವೆಲ್ಲ ಆಡಿಕೊಳ್ಳುತ್ತಾಳೆ, ಅಷ್ಟಕ್ಕೂ ಕಳ್ಳರು ಹೊಂಚುಹಾಕುವುದು ಮುಂಜಾನೆ, ಬೈಕಿನ ಮೇಲೆ ಸುತ್ತು ಹಾಕಿ ಯಾವ ಅಂಗಳ ಬರಿದಿದೆ ನೋಡುತ್ತಾರೆ ಎಂದು ಮೀಟಿಂಗಿನಲ್ಲಿ ಆ ಪೊಲೀಸಪ್ಪ ಹೇಳಿದ್ದ, ನೋಡುವವರು ನೋಡಿ ಆಗಿರುತ್ತದೆ, ಭೀಮಗೊಂಡ ಪಾಪದವನು, ಕಾಂತಾ ಆದರೂ, ಕಳೆದ ಮಳೆಗಾಲದಲ್ಲಿ ಇವಳಿಗೆ ಜ್ವರ ಬಂದಾಗ ನಾಲ್ಕು ದಿನ ಗಂಜಿ ಕಳಿಸಿದವಳು ಅವಳೇ, ಅದನ್ನು ಈಗ ಯಾಕೆ ನೆನೆಯಬೇಕು, ಚೀಲದೊಳಗೆ ಫೋನು ಬಡಿದುಕೊಳ್ಳುತ್ತಿದೆ, ಕಾಂತಾ, ಅವಳೇ, ಒಡೆದರೇನು? ಒಡೆದೇ ಬಿಟ್ಟರೇನು? ಅಕ್ಕಾ, ಆರಾಮ ಅದೀರೇನ್ರಿ, ಮುಂಜಾನಿಂದ ನಿಮ್ಮ ಫೋನ್ ಹತ್ತವಲ್ದು, ಮೊಬೈಲಿನ್ಯಾಗ ನಮ್ಮ ಬಾಗಲಾ ನೋಡಿದ್ನಿ, ನೀವು ಬಂದ್ರಿ, ನಿಂತ್ರಿ, ಹಂಗ ಹೊಳ್ಳಿ ಹೋದ್ರಿ, ತಲಿ ತಿರಗಿತೇನೋ ಅಂತ ಜೀವ ಹಾರಿತ್ರಿ, ಅದಕ್ಕ ಆ ವಿಡಿಯೋ ಗ್ರುಪ್ಪಿಗೆ ಹಾಕಿ, ಯಾರರ ಹೋಗಿ ಅಕ್ಕಾರನ್ನ ನೋಡ್ರಿ ಅಂದೇನಿ. ಬಸವಣ್ಣೆವ್ವನ ಬಾಯಿಂದ ಬಂದದ್ದು ಒಂದೇ ಮಾತು, ಮೇನ್ ತಗದಿರಲಿಲ್ಲೇನ? ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮೇನ್ ತಗದೇ ಬಂದೇನ್ರಿ, ಕ್ಯಾಮೆರಾ ಬಿಸಿಲಿನ ಮ್ಯಾಲೆ ನಡೀತೈತಿ, ಸಿಮ್ ಅದರಾಗ ಐತಿ, ಎಂದಳು ಕಾಂತಾ, ಆ ಕಡೆ ಖಾನಾಪುರದ ಯಾವುದೋ ಮನೆಯಲ್ಲಿ ಕುಕ್ಕರ್ ಕೂಗಿತು, ಆಮೇಲೆ, ಇರ್ಲಿ ಬಿಡ್ರಿ, ನಿಖಿತಾ ರಂಗೋಲಿ ಹಾಕ್ಯಾಳ. ಈ ಸಲ ಅಕ್ಕಾ ಎನ್ನಲಿಲ್ಲ.

ಯಾರದು, ಎಂದ ಚನ್ನಬಸಯ್ಯ ಕಣ್ಣು ತೆರೆಯದೆ, ಯಾರೂ ಅಲ್ಲ, ಮಲಕೋರಿ, ಗ್ರುಪ್ಪು ತೆರೆದಳು, ಇಪ್ಪತ್ತಾರು ಮಂದಿ ನೋಡಿಯಾಗಿದೆ, ಯಾರೂ ಏನೂ ಬರೆದಿಲ್ಲ, ಒಬ್ಬರೂ, ವಿಡಿಯೋದ ಮೇಲೆ ಬೆರಳಿನಿಂದ ಒತ್ತಿದಳು, ಬಸ್ಸು ಮಲಪ್ರಭೆಯ ಸೇತುವೆ ಏರುತ್ತಿತ್ತು, ಮೇಲಿನಿಂದ ಕಾಣುವ ಒಬ್ಬ ದಪ್ಪ ಹೆಂಗಸು, ಬೈತಲೆ ಅಗಲವಾಗಿದೆ, ಮುಖ ಎತ್ತಿ ನೇರ ಇವಳನ್ನೇ ನೋಡುತ್ತಾಳೆ, ಬಲಕ್ಕೆ ನೋಡುತ್ತಾಳೆ, ಎಡಕ್ಕೆ ನೋಡುತ್ತಾಳೆ, ಡಬ್ಬಿಯ ಮುಚ್ಚಳ ಹಾಕುತ್ತಾಳೆ, ಮತ್ತೆ ಒತ್ತಿದಳು, ಮುಖ ಎತ್ತುತ್ತಾಳೆ, ಬಲಕ್ಕೆ, ಎಡಕ್ಕೆ, ಮುಚ್ಚಳ, ಮತ್ತೆ — ಬಲಕ್ಕೆ ನೋಡುತ್ತಾಳೆ, ಎಡಕ್ಕೆ ನೋಡುತ್ತಾಳೆ —